ತೇವ ಒಂದು ಕಡೆ, ತೂತು ಇನ್ನೊಂದು ಕಡೆ



ಈ ಸಲದ ವಿಜ್ಞಾನ ಲೇಖನಕ್ಕೆ ನಾನು ಆರಿಸಿಕೊಂಡ ವಿಷಯ, ಮನೆಗಳಲ್ಲಿ ಕಣ್ಣಿಗೆ ಕಾಣದಂತೆ ಸೋರುವ ನೀರು. ನಂಜನಗೂಡಿಗೂ ಟಿ.ನರಸೀಪುರಕ್ಕೂ ಮಧ್ಯೆ ಇರುವ ನಮ್ಮಂಥ ಊರುಗಳಿಗೆ ನೀರಿನ ಚಿಂತೆ ಏನು ಅಂತ ಹೊರಗಿನವರು ಕೇಳುತ್ತಾರೆ. ಒಂದು ಕಡೆ ಕಪಿಲೆ, ಒಂದು ಕಡೆ ಕಾವೇರಿ, ಅದರ ಮೇಲೆ ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ. ಆದರೆ ನಮ್ಮ ಬೀದಿಗೆ ಕೊಳಾಯಿ ನೀರು ಬರುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ. ಆ ಒಂದು ಗಂಟೆಯಲ್ಲಿ ಎಷ್ಟು ನೀರು ಕೊಡಕ್ಕೆ ಬೀಳುತ್ತದೆ, ಎಷ್ಟು ಮಣ್ಣಿಗೆ ಹೋಗುತ್ತದೆ ಅಂತ ಲೆಕ್ಕ ಇಟ್ಟವರು ಯಾರು?

ಮೊದಲು ಒಂದು ಮಾತು ತಿಳಿದುಕೊಳ್ಳಿ. ಗೋಡೆಯಲ್ಲಿ ತೇವ ಕಂಡ ಜಾಗದಲ್ಲೇ ತೂತು ಇರುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಬಹಳ ಸಲ ಅದು ಸುಳ್ಳು. ನೀರು ತನಗೆ ಸಲೀಸಾದ ದಾರಿ ಹಿಡಿದು ಹೋಗಿ, ಇನ್ನು ಮುಂದೆ ದಾರಿ ಇಲ್ಲ ಅನ್ನುವ ಕಡೆ ಹೊರಗೆ ಬರುತ್ತದೆ. ಹೆಂಚಿನ ಮನೆ ನೋಡಿ. ಮೇಲಿನ ಸಾಲಿನಲ್ಲಿ ಒಂದು ಹೆಂಚು ಸೀಳಿದ್ದರೆ ನೀರು ನೇರವಾಗಿ ಕೆಳಗೆ ಬೀಳುವುದಿಲ್ಲ. ಮರದ ತೀರಿನ ಹೊಟ್ಟೆಗೆ ಅಂಟಿಕೊಂಡು ಜಾರುತ್ತಾ ಬಂದು, ಅಲ್ಲೊಂದು ಗಂಟೋ ಮೊಳೆಯೋ ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ನಾವು ಪಾತ್ರೆ ಇಡುವುದು ನಡುಮನೆಯಲ್ಲಿ, ಒಡೆದ ಹೆಂಚು ಇರುವುದು ಅಡುಗೆಮನೆ ಮೇಲೆ!

ಹೆಂಚು ಹುಡುಕುವುದಕ್ಕೂ ಒಂದು ಕ್ರಮ ಇದೆ. ಬಿಸಿಲಿನ ದಿನ ದೊಡ್ಡವರು ಏಣಿ ಹತ್ತಿ ಚೊಂಬಿನಲ್ಲಿ ನೀರು ಸುರಿಯಬೇಕು, ಒಳಗೆ ಒಬ್ಬರು ನಿಂತು ನೋಡಬೇಕು. ಸುರಿಯುವುದನ್ನು ಕೆಳಗಿನ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲಾ ಸಾಲಿನ ಮೇಲೂ ಹರಿದು ಯಾವ ಹೆಂಚು ಕಳ್ಳ ಅಂತ ಗೊತ್ತೇ ಆಗುವುದಿಲ್ಲ. ಆರ್‌ಸಿಸಿ ಮನೆಯಾದರೆ ತಾರಸಿಯನ್ನು ಭಾಗ ಮಾಡಿ, ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಒಂದೊಂದೇ ಭಾಗದಲ್ಲಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡಬೇಕು. ಗಾರೆ ಕೆಲಸದವರಿಗೆ ಇದು ಗೊತ್ತಿರುವ ವಿದ್ಯೆಯೇ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡು ಇದ್ದರೆ ಮಾತ್ರ ಮೊದಲು ಮೇನ್ ಆಫ್ ಮಾಡಿಸಿ, ಆಮೇಲೆ ಮಿಕ್ಕಿದ್ದು.

ಎಲ್ಲಿ ತೇವ ಅನ್ನುವುದಕ್ಕಿಂತ ಯಾವಾಗ ತೇವ ಅಂತ ಕೇಳುವುದು ಮುಖ್ಯ. ಮಳೆ ಬಂದ ಮಾರನೇ ದಿನ ಹೆಚ್ಚಾದರೆ ಸೂರು. ಕೊಳಾಯಿ ನೀರು ಬಂದ ದಿನ ಹೆಚ್ಚಾದರೆ ಪೈಪು. ದಿನಾ ಒಂದೇ ಸಮ ಇದ್ದರೆ ಬಚ್ಚಲ ಮೋರಿ ಅಥವಾ ಇಂಗುಗುಂಡಿ. ನಾಲೆಗೆ ನೀರು ಬಿಟ್ಟ ಮೇಲೆ ಏರಿ, ನಿಲ್ಲಿಸಿದ ಮೇಲೆ ಇಳಿದರೆ ಅದು ಯಾರ ಮನೆಯ ತಪ್ಪೂ ಅಲ್ಲ, ನೆಲದ ನೀರು ಮೇಲೆ ಬಂದಿದೆ ಅಷ್ಟೆ. ಗದ್ದೆ ಬಯಲಿಗೆ ಹತ್ತಿರ ಇರುವ ಮನೆಯವರು ಇದನ್ನು ಬಾವಿ ನೋಡಿಯೇ ಹೇಳುತ್ತಾರೆ.

ನೆಲದಿಂದ ಏರುವ ತೇವಕ್ಕೆ ಇನ್ನೊಂದು ಗುರುತಿದೆ. ಅದು ಗೋಡೆ ಉದ್ದಕ್ಕೂ ಸೊಂಟದೆತ್ತರಕ್ಕೆ ದಾರ ಹಿಡಿದು ಎಳೆದ ಹಾಗೆ ಕಾಣುತ್ತದೆ, ಮೇಲುಗಡೆ ಬಿಳಿ ಉಪ್ಪು ಹೂ ಬಿಟ್ಟಿರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ನೀರು ಏರುತ್ತದೆ. ಇದಕ್ಕೆ ಕೇಶಾಕರ್ಷಣೆ ಅನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತಲ್ಲ, ಅಂಥ ಕಡೆ ನೀರು ಇಳಿದು ಹೋದರೂ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಅಲ್ಲಿ ಪೈಪು ಅಗೆದರೆ ಕೂಲಿ ದಂಡ.

ಇನ್ನು ಪ್ಲಾಸ್ಟಿಕ್ ಪರೀಕ್ಷೆ. ಒದ್ದೆ ಜಾಗದ ಮೇಲೆ ಒಂದು ಅಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪು ಅಂಟಿಸಿ ಎರಡು ದಿನ ಬಿಡಿ. ಗೋಡೆಗೂ ಹಾಳೆಗೂ ಮಧ್ಯೆ ಹನಿ ಕಟ್ಟಿದರೆ ನೀರು ಗೋಡೆ ಒಳಗಿನಿಂದ ಬರುತ್ತಿದೆ. ಹಾಳೆಯ ಹೊರಮೈ ಮೇಲೆ ಹನಿ ಕಟ್ಟಿದರೆ ಅದು ಸೋರಿಕೆ ಅಲ್ಲ, ಗಾಳಿಯ ಆವಿ ತಣ್ಣನೆ ಗೋಡೆಗೆ ತಾಗಿ ನೀರಾದದ್ದು. ಅನ್ನ ಬೇಯುವಾಗ ಮುಚ್ಚಳದಲ್ಲಿ ಹನಿ ಕಟ್ಟುವುದಿಲ್ಲವೇ, ಹಾಗೆ.

ಈಗ ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ನಮ್ಮಜ್ಜಿ ಮಲಗುವ ಕೋಣೆ ಗೋಡೆ ಒಂದು ಮೂಲೆಯಲ್ಲಿ ಒದ್ದೆಯಾಗುತ್ತಾ ಬಂತು. ಕಲ್ಲಿನ ತಳಪಾಯ, ಅದರ ಮೇಲೆ ಮಣ್ಣಿನ ಗೋಡೆ. ಕೆಳಗಿನ ಮಣ್ಣು ಕೈ ಇಟ್ಟರೆ ಉದುರುವ ಹಾಗಾಗಿತ್ತು. ಹೊರಗೆ ಮೂರು ಅಡಿ ದೂರದಲ್ಲಿ ಪಕ್ಕದ ಮನೆಯವರ ಬಚ್ಚಲು. ಅಜ್ಜಿ ಜಗಲಿ ಮೇಲೆ ನಿಂತು, “ನಿಮ್ ಬಚ್ಚಲ ನೀರೇ ಕಣವ್ವ ನಮ್ ಗ್ವಾಡೆ ತಿಂತಾ ಇರೋದು” ಅಂದರು. ಅವರು ಸುಮ್ಮನಿರುತ್ತಾರೆಯೇ? “ಬಚ್ಚಲು ಕಟ್ಟಿ ಹತ್ ವರ್ಷ ಆಯ್ತು. ಇಷ್ಟ್ ದಿನ ಇಲ್ದಿದ್ ತೇವ ಈಗ ಎಲ್ಲಿಂದ ಬಂತು?” ಅಂದರು. ಮಾತಿಗೆ ಮಾತು ಬೆಳೆದು ಎರಡು ಮನೆಗೂ ಮಾತು ನಿಂತುಹೋಯಿತು. ಮಾರಿ ಹಬ್ಬಕ್ಕೂ ತಟ್ಟೆ ಆಚೀಚೆ ಹೋಗಲಿಲ್ಲ.

ನನಗೆ ಅವರು ಕೇಳಿದ ಪ್ರಶ್ನೆಯೇ ಸರಿ ಅನ್ನಿಸಿತು. ಒದ್ದೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಹೀಗೆ ಎಂಟು ದಿನ ಬರೆದೆ. ಅಂಚು ಮುಂದೆ ಹೋದದ್ದು ನಾಲ್ಕು ದಿನ, ನಿಂತಲ್ಲೇ ನಿಂತದ್ದು ನಾಲ್ಕು ದಿನ. ಮುಂದೆ ಹೋದ ನಾಲ್ಕೂ ಕೊಳಾಯಿ ನೀರು ಬಿಟ್ಟ ದಿನಗಳೇ. ಬಚ್ಚಲಿನಲ್ಲಿ ದಿನಾ ಸ್ನಾನ ಮಾಡುತ್ತಾರೆ, ಅಲ್ಲಿಂದ ಬರುವುದಾದರೆ ದಿನಾ ಏರಬೇಕಿತ್ತು.

ಅಜ್ಜಿ ಇದಕ್ಕೆ ಒಪ್ಪಲಿಲ್ಲ. ಬಣ್ಣದ ನೀರು ಹಾಕಿ ತೋರಿಸು ಅಂತ ಚಿಕ್ಕಪ್ಪ ಹೇಳಿದರು. ಪೇಟೆ ಮನೆಗಳ ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಆ ಪರೀಕ್ಷೆ ಚೆನ್ನಾಗಿದೆ. ಕೇಸರಿಬಾತಿಗೆ ಹಾಕುವ ಬಣ್ಣ ಟ್ಯಾಂಕಿಗೆ ಬೆರೆಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರೆ, ಬಣ್ಣ ಕೆಳಗೆ ಇಳಿದಿದ್ದರೆ ಒಳಗಿನ ರಬ್ಬರು ಹೋಗಿದೆ ಅಂತ ಅರ್ಥ. ಆದರೆ ಮಣ್ಣಿನಲ್ಲಿ ಹಾದು ಬರುವ ನೀರಿಗೆ ಅದು ನಡೆಯುವುದಿಲ್ಲ. ಮಣ್ಣು ಬಣ್ಣವನ್ನು ಹಿಡಿದುಕೊಳ್ಳುತ್ತದೆ, ನೀರು ಮಾತ್ರ ಆಚೆ ಬರುತ್ತದೆ. ಬಣ್ಣ ಕಾಣಲಿಲ್ಲ ಅಂದ ಮಾತ್ರಕ್ಕೆ ಆ ಕಡೆಯಿಂದ ನೀರು ಬರುತ್ತಿಲ್ಲ ಅಂತ ಹೇಳುವ ಹಾಗಿಲ್ಲ. ಪಕ್ಕದ ಮನೆಯವರೇ ಒಂದು ಉಪಾಯ ಹೇಳಿದರು. ನಾಲ್ಕು ದಿನ ಬಚ್ಚಲಿಗೆ ಬೀಗ ಹಾಕಿ ಹಿತ್ತಲಲ್ಲಿ ಸ್ನಾನ ಮಾಡಿದರು. ಬೀಗದ ಕೈ ಅಜ್ಜಿ ಹತ್ತಿರವೇ ಕೊಟ್ಟಿದ್ದರು! ಆ ನಾಲ್ಕು ದಿನದಲ್ಲೂ, ನೀರು ಬಿಟ್ಟ ಎರಡು ದಿನ ಗೆರೆ ಮುಂದೆ ಹೋಯಿತು.

ಆಮೇಲೆ ನೀರುಗಂಟಿ ಅಣ್ಣನನ್ನು ಕರೆದೆವು. ಅವರು ಬೆಳಗಿನ ಜಾವ ನೀರು ಬಿಟ್ಟು, ಕಬ್ಬಿಣದ ಹಾರೆ ತಂದು, ಪೈಪು ಹೋಗಿರುವ ಸಾಲಿನಲ್ಲಿ ಹೆಜ್ಜೆಗೊಂದು ಕಡೆ ನೆಲಕ್ಕೆ ಊರಿ, ಮೇಲಿನ ತುದಿಗೆ ಕಿವಿ ಇಟ್ಟು ಕೇಳುತ್ತಾ ಬಂದರು. ವೈದ್ಯರ ಸ್ಟೆತಾಸ್ಕೋಪಿನ ತತ್ವವೇ ಇದು. ನನಗೂ ಕೇಳಿಸಿದರು. ಬೇರೆ ಕಡೆ ಏನೂ ಇಲ್ಲ, ಒಂದು ಕಡೆ ಮಾತ್ರ ಹಾವು ಬುಸುಗುಟ್ಟಿದ ಹಾಗೆ ‘ಸುಯ್’ ಅನ್ನುವ ಸದ್ದು. ಹಳೆಯ ಕಬ್ಬಿಣದ ಪೈಪಾದರೆ ಸದ್ದು ದೂರದವರೆಗೂ ಸಿಗುತ್ತದಂತೆ. ಪಿವಿಸಿ ಪೈಪು ಸದ್ದನ್ನು ನುಂಗುವುದರಿಂದ ಹತ್ತಿರ ಹತ್ತಿರ ಊರಿ ಕೇಳಬೇಕು. ಅಲ್ಲಿ ಎರಡು ಅಡಿ ಅಗೆದಾಗ ಎಲ್ಬೊ ಬಿಟ್ಟುಕೊಂಡಿತ್ತು. ಅದು ಅಜ್ಜಿ ಕೋಣೆಯಿಂದ ಹದಿನಾಲ್ಕು ಅಡಿ ದೂರ. ನೀರು ತಳಪಾಯದ ಕಲ್ಲಿನ ಪಕ್ಕದಲ್ಲೇ ಹರಿದು ಬಂದು, ಮೂಲೆಗೆ ತಾಗಿ ನಿಂತು, ಮಣ್ಣಿನ ಗೋಡೆ ಹತ್ತಿತ್ತು. ರಿಪೇರಿಗೆ ಹಿಡಿದದ್ದು ಒಂದು ಎಲ್ಬೊ, ಒಂದಿಷ್ಟು ಸಲ್ಯೂಷನ್ನು, ಅರ್ಧ ದಿನ.

ಆದರೆ ಗುಂಡಿ ನೋಡಿದಾಗ ನನಗೆ ಹೆದರಿಕೆಯಾದದ್ದು ಗೋಡೆಗಲ್ಲ. ಆ ಎಲ್ಬೊ ಸುತ್ತ ಇದ್ದ ಮಣ್ಣು ಕಪ್ಪಗಿತ್ತು, ಚರಂಡಿ ವಾಸನೆ ಬರುತ್ತಿತ್ತು. ಚರಂಡಿ ಅಲ್ಲಿಂದ ಒಂದು ಗೇಣು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಒಳಗಿನ ನೀರು ಹೊರಗೆ ಬರುತ್ತದೆ. ನಿಲ್ಲಿಸಿದ ಮೇಲೆ ಪೈಪಿನ ನೀರು ತಗ್ಗಿನ ಕಡೆಗೆ ಇಳಿಯುತ್ತದೆ, ಒತ್ತಡ ಹೋಗುತ್ತದೆ, ಆಗ ಹೊರಗಿನ ಕೊಳಚೆ ಅದೇ ತೂತಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಂದಾಗ ಅದು ಯಾರದೋ ಬಿಂದಿಗೆಗೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಿಗೆ ಈ ಅಪಾಯ ಹೆಚ್ಚು. 2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಕೆ.ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿಯಾಗಿ ಎಷ್ಟೋ ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ.

ಹಳೆಯ ಉದಾಹರಣೆಯೂ ಇದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾದಿಂದ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯೇ ಕಾರಣ ಅಂತ ಆಗಿನ ಬಹುಪಾಲು ವೈದ್ಯರ ನಂಬಿಕೆ. ಡಾ. ಜಾನ್ ಸ್ನೋ ಸತ್ತವರು ಎಲ್ಲಿಯ ನೀರು ಕುಡಿದಿದ್ದರು ಅಂತ ಮನೆ ಮನೆಗೆ ಹೋಗಿ ವಿಚಾರಿಸಿದರು. ಎಲ್ಲಾ ದಾರಿಯೂ ಒಂದೇ ಪಂಪಿಗೆ ಬಂತು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನೇ ಕಿತ್ತು ಹಾಕಿಸಿದರು. ಮುಂದಿನ ವರ್ಷ ಅಗೆದು ನೋಡಿದಾಗ ಪಕ್ಕದ ಮನೆಯ ಕೊಳಚೆ ಗುಂಡಿಯ ಇಟ್ಟಿಗೆ ಸಡಿಲವಾಗಿ ಬಾವಿ ಕಡೆಗೆ ಒಸರುತ್ತಿದ್ದದ್ದು ಗೊತ್ತಾಯಿತು. ನಡುವೆ ಇದ್ದ ಅಂತರ ಮೂರು ಅಡಿಗೂ ಕಡಿಮೆ. ಕಾಯಿಲೆ ಬಿದ್ದ ಕೂಸೊಂದರ ಬಟ್ಟೆ ಒಗೆದ ನೀರನ್ನು ಆ ಗುಂಡಿಗೆ ಸುರಿದಿದ್ದರು.

ಆದ್ದರಿಂದ ಪೈಪು ರಿಪೇರಿಯಾದ ಮೇಲೆ ಮೊದಲು ಬರುವ ನೀರನ್ನು ಹಿಡಿಯಬೇಡಿ, ಗಿಡಕ್ಕೆ ಬಿಡಿ. ಕುಡಿಯುವುದನ್ನು ಕುದಿಸಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಮೊದಲ ಮನೆ ಕೊಳಾಯಿಯಲ್ಲಿ ಕ್ಲೋರಿನ್ ಇದ್ದು, ಕೊನೆ ಮನೆಯಲ್ಲಿ ಏನೂ ಇಲ್ಲದಿದ್ದರೆ ಮಧ್ಯೆ ಕೊಳಕು ಸೇರುತ್ತಿರಬಹುದು ಅಂತ ಅನುಮಾನ ಪಡಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ನಿಯಮ.

ತೊಟ್ಟಿಕ್ಕುವ ನಲ್ಲಿಯನ್ನೂ ಸಸಾರ ಮಾಡಬೇಡಿ. ನಮ್ಮ ಶಾಲೆಯ ಕೈತೊಳೆಯುವ ನಲ್ಲಿ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟೆ. ತುಂಬಲು ಒಂದೂಕಾಲು ಗಂಟೆ ಹಿಡಿಯಿತು. ಅಂದರೆ ದಿನಕ್ಕೆ 19 ಲೀಟರ್ ಚಿಲ್ಲರೆ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅನ್ನುತ್ತಾರಲ್ಲ, ಅದರಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್. ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ನಲ್ಲಿ ಒಂದೇ ಕುಡಿಯುತ್ತಿದೆ. ಮೀಟರ್ ಇರುವ ಮನೆಯವರು ರಾತ್ರಿ ಎಲ್ಲಾ ನಲ್ಲಿ ಕಟ್ಟಿ ಅಂಕಿ ಬರೆದಿಟ್ಟುಕೊಳ್ಳಿ. ಪೈಪಿನಲ್ಲಿ ನೀರಿದ್ದು, ಯಾರೂ ಬಳಸದೆ ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ.

ಕೊನೆಯದಾಗಿ ನಮ್ಮ ಶಾಲೆಯ ಸಂಪು. ಉದ್ದ 6 ಅಡಿ, ಅಗಲ 5 ಅಡಿ. ಶನಿವಾರ ಮಧ್ಯಾಹ್ನ ಕೋಲು ಬಿಟ್ಟು ಗುರುತು ಹಾಕಿದ್ದೆ, ಸೋಮವಾರ ಬೆಳಿಗ್ಗೆ ಎರಡು ಅಂಗುಲ ಇಳಿದಿತ್ತು. ಎರಡು ಅಂಗುಲ ಅಂದರೆ 5 ಘನ ಅಡಿ, ಸುಮಾರು 140 ಲೀಟರ್. ಭಾನುವಾರ ಶಾಲೆಯಲ್ಲಿ ನೀರು ಕುಡಿದವರು ಯಾರೂ ಇಲ್ಲ. ಹೊರಗೆ ಹೋಗುವ ಗೇಟ್ ವಾಲ್ ಕಟ್ಟಿ ಮತ್ತೆ ಅಳೆಯಬೇಕು. ಆಗ ಇಳಿಯದಿದ್ದರೆ ಸೋರುವುದು ಪೈಪು. ಆಗಲೂ ಇಳಿದರೆ ಸಂಪೇ ಸೀಳಿದೆ, ಮತ್ತು ಇಳಿಯುತ್ತಾ ಹೋಗಿ ಎಲ್ಲಿ ನಿಲ್ಲುತ್ತದೋ ಅದೇ ಸೀಳಿನ ಎತ್ತರ. ನಾಲೆಗೆ ನೀರು ಬಿಡುವ ಮುಂಚೆ ಇದು ಆಗಬೇಕು. ನೆಲದ ನೀರು ಮೇಲೆ ಬಂದರೆ ಅದೇ ಸೀಳಿನಿಂದ ಹೊರಗಿನ ನೀರು ಸಂಪಿನ ಒಳಕ್ಕೆ ಬರುತ್ತದೆ, ನಾವು ಕುಡಿಯುವುದು ಅದನ್ನೇ.

ಹೆಡ್‌ಮಾಸ್ಟರು ಅನುಮತಿ ಕೊಟ್ಟಿದ್ದಾರೆ. ಈ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಗೇಟ್ ವಾಲ್ ಕಟ್ಟುತ್ತೇವೆ. ಬರುವವರು ಸ್ಕೇಲು, ಸೀಮೆಸುಣ್ಣ ತನ್ನಿ. ಸಂಪಿನ ಮುಚ್ಚಳವನ್ನು ಮೇಷ್ಟ್ರೇ ತೆಗೆಯುತ್ತಾರೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಭಾನುವಾರ ಸಂಜೆ ಮೇಷ್ಟ್ರ ಜೊತೆ ಒಂದು ಸಲ ಬಂದು ಕೋಲು ನೋಡಿ ಬರೆದಿಡಲು ಇಬ್ಬರು ಬೇಕು. ಹೆಸರನ್ನು ಈ ಹಾಳೆಯ ಕೆಳಗೆ ಬರೆಯಿರಿ.