ಪಂಚೆ ಸೊಂಟದ ಮೇಲೆ ಎಲ್ಲಿ ನಿಲ್ಲಬೇಕು?

ನವರಾತ್ರಿ ಹತ್ತಿರ ಬಂತೆಂದರೆ ಘಣಸೋಲಿಯ ಕನ್ನಡ-ತುಳು ಮನೆಗಳಲ್ಲಿ ಪಂಚೆಗಳು ಕಪಾಟಿನಿಂದ ಹೊರಬರುತ್ತವೆ. ವರ್ಷವಿಡೀ ಜೀನ್ಸ್ ತೊಟ್ಟು ಠಾಣೆ-ವಾಶಿ ಲೋಕಲ್ ಹತ್ತುವ ಹುಡುಗರು ಅಂದು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ದೇವಸ್ಥಾನಕ್ಕೆ ನಡೆಯುತ್ತಾರೆ. ಬಿಗಿ ಸಾಲಲಿಲ್ಲ ಎಂದು ಅವರ ಅನುಮಾನ. ಹೆಚ್ಚಿನ ಸಲ ತಪ್ಪಿರುವುದು ಬಿಗಿಯಲ್ಲ, ಜಾಗ.

ಜೀನ್ಸ್ ಸೊಂಟದ ಮೂಳೆಯ ಕೆಳಗೆ ಕೂರುತ್ತದೆ. ಅದಕ್ಕೆ ಹೊಲಿಗೆಯಿದೆ, ಬೆಲ್ಟಿದೆ. ಪಂಚೆಗೆ ಎರಡೂ ಇಲ್ಲ. ಅದನ್ನೂ ಅಲ್ಲೇ ಉಟ್ಟರೆ ನಾಲ್ಕು ಹೆಜ್ಜೆಗೆ ಕೆಳಗಿಳಿಯುತ್ತದೆ. ಎರಡೂ ಹೆಬ್ಬೆರಳುಗಳನ್ನು ಪಕ್ಕೆಲುಬಿನಿಂದ ಕೆಳಗೆ ಜಾರಿಸಿ ನೋಡಿ. ಮೊದಲು ಮೆತ್ತಗೆ, ಆಮೇಲೆ ಗಟ್ಟಿ ಮೂಳೆ. ಆ ಮೂಳೆಯ ನೇರ ಮೇಲಿನ ಮೆತ್ತನೆಯ ಜಾಗವೇ ಪಂಚೆಯದು. ಮುಂದೆ ಅದು ಹೆಚ್ಚುಕಡಿಮೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಜಾರಲು ಹೊರಟ ಬಟ್ಟೆಯನ್ನು ಮೂಳೆಯೇ ತಡೆಯುತ್ತದೆ. ಸ್ಕಾಟ್ಲೆಂಡಿನವರ ಉಣ್ಣೆಯ ಕಿಲ್ಟ್ ಕೂಡ ನಿಲ್ಲುವುದು ಇದೇ ಎತ್ತರದಲ್ಲಿ, ಪ್ಯಾಂಟಿನ ಎತ್ತರದಲ್ಲಲ್ಲ. ಅದರ ಕೆಳಅಂಚು ಮಾತ್ರ ಮೊಣಕಾಲಿಗೇ ಮುಗಿಯುತ್ತದೆ.

ಇನ್ನು ಉದ್ದ. ಪಂಚೆಯ ಅಗಲ ಸಾಮಾನ್ಯವಾಗಿ 50 ಇಂಚು. ಐದೂವರೆ ಅಡಿ ಎತ್ತರದವರಿಗೆ ಸೊಂಟದಿಂದ ನೆಲಕ್ಕೆ ಸುಮಾರು 40 ಇಂಚು. ಉಳಿದ ಹತ್ತು ಇಂಚು ಸೊಂಟದ ಮೇಲೆಯೇ ಕರಗಬೇಕು. ಹೊಸಬರು ಅಂಚನ್ನು ಮೊದಲೇ ಪಾದದ ಗಂಟಿಗೆ ಹೊಂದಿಸಿ ಸುತ್ತುತ್ತಾರೆ, ಮೇಲೆ ಸುರುಳಿ ಸುತ್ತಿದಾಗ ಅದು ಮೀನಖಂಡಕ್ಕೆ ಏರಿಬಿಡುತ್ತದೆ. ಅಂಚು ನೆಲಕ್ಕೆ ತಾಗುವಷ್ಟು ಇಳಿಬಿಟ್ಟೇ ಶುರುಮಾಡಿ. ಬಟ್ಟೆಯನ್ನು ಬೆನ್ನ ಹಿಂದಿನಿಂದ ತಂದು ಒಂದು ತುದಿಯನ್ನು ಒಳಗೆ ಸಿಕ್ಕಿಸಿ, ಇನ್ನೊಂದನ್ನು ಅದರ ಮೇಲೆ ಎಳೆದು ಎದುರು ಪಕ್ಕೆಗೆ ಸಿಕ್ಕಿಸಿ. ಮೇಲೆ ಉಳಿದದ್ದನ್ನು ಹೊರಮುಖವಾಗಿ ಮಡಚಿ, ಎರಡು ಮೂರು ಸಲ ಬಿಗಿಯಾಗಿ ಸುರುಳಿ ಸುತ್ತಿ. ಅಂಚು ತಾನಾಗಿ ಪಾದದ ಗಂಟಿಗೆ ಬಂದು ನಿಲ್ಲುತ್ತದೆ. ಉಡಿದಾರ ಕಟ್ಟಿದವರು ಒಳತುದಿಯನ್ನು ಅದಕ್ಕೆ ಸಿಕ್ಕಿಸಿಕೊಂಡರೆ ಇನ್ನೂ ಒಳ್ಳೆಯದು.

ಹೊಟ್ಟೆ ಎಳೆದುಕೊಂಡು ಮಾತ್ರ ಉಡಬೇಡಿ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಾಗ, ಅದೂ ಪಾಯಸದ ಹೊತ್ತಿಗೆ, ಅದರ ಫಲ ತಿಳಿಯುತ್ತದೆ. ಸಹಜವಾಗಿ ಉಸಿರು ಬಿಟ್ಟು ಉಟ್ಟು, ಒಂದು ಬೆರಳು ತೂರುವಷ್ಟು ಸಡಿಲ ಇಟ್ಟುಕೊಳ್ಳಿ. ಹೊಟ್ಟೆ ದೊಡ್ಡದಿರುವವರು ಅದರ ಕೆಳಗೆ ಉಡುವುದೇ ಹೆಚ್ಚು, ಆದರೆ ಪ್ರತಿ ಉಸಿರಿಗೂ ಹೊಟ್ಟೆ ಬಟ್ಟೆಯನ್ನು ಕೆಳಕ್ಕೆ ತಳ್ಳುತ್ತದೆ. ಹೊಕ್ಕುಳ ಮಟ್ಟದಲ್ಲೇ ಉಟ್ಟು ಮೇಲೊಂದು ಬೆಲ್ಟ್ ಹಾಕಿದರೆ ಯಾರೂ ನಗುವುದಿಲ್ಲ.

ನಾಲ್ಕು ಮೊಳದ ಒಂಟಿ ಪಂಚೆ ಹಗುರ, ಕಲಿಯಲು ಅದೇ ಸಾಕು. ಎಂಟು ಮೊಳದ್ದನ್ನು ಎರಡು ಪದರ ಮಾಡಿ ಉಡುವುದರಿಂದ ಭಾರ ಹೆಚ್ಚು, ಸುರುಳಿಯೂ ದಪ್ಪ. ರೇಷ್ಮೆಯದು ನುಣುಪು, ಎಷ್ಟು ಸರಿಯಾದ ಜಾಗದಲ್ಲಿ ಉಟ್ಟರೂ ಬೆಲ್ಟ್ ಬೇಕೇ ಬೇಕು. ವೆಲ್ಕ್ರೋ ಪಂಚೆ ಮಕ್ಕಳಿಗೆ ಸರಿ, ದೊಡ್ಡವರಿಗೆ ನಾನು ಹೇಳುವುದಿಲ್ಲ. ಊಟಕ್ಕೆ ಕೂತಾಗ ಸುರುಳಿಯನ್ನು ಒಂದಿಷ್ಟು ಸಡಿಲಿಸಬಹುದು, ಪಟ್ಟಿಯನ್ನು ಎಲ್ಲರೆದುರು ಚರ್ರೆಂದು ಕೀಳಲಾಗುತ್ತದೆಯೇ?

ಸ್ಟೇಷನ್ ಮೆಟ್ಟಿಲು ಏರುವಾಗ ಸೊಂಟವನ್ನು ಹಿಡಿಯಬೇಡಿ, ಮುಂದಿನ ಅಂಚನ್ನು ಒಂದು ಕೈಯಲ್ಲಿ ತುಸು ಎತ್ತಿಕೊಳ್ಳಿ. ಅಂಚು ಕಾಲಡಿಗೆ ಸಿಕ್ಕಿದರೆ ಎಂಥ ಸುರುಳಿಯೂ ಬಿಚ್ಚುತ್ತದೆ.