ಕೆಲಸ ಮುಂದೂಡುವ ಕ್ರಮ: ಕಾಲ್ ಬುಕ್ಕಿನ ಪಾಠ



ದಸರೆಯಿಂದ ದೀಪಾವಳಿಯವರೆಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬಿಳಿಜೋಳದ ಬಿತ್ತನೆ, ತೊಗರಿಯ ಔಷಧಿ ಸಿಂಪರಣೆ, ಅಂಗಡಿಯ ಹಬ್ಬದ ವ್ಯಾಪಾರ ಎಲ್ಲವೂ ಕೂಡಿಯೇ ಬರುತ್ತವೆ. ಯಜಮಾನರು ಇದ್ದ ನಾಲ್ಕು ಆಳುಗಳಿಗೆ ಎಂಟು ಕೆಲಸ ಹೇಳುತ್ತಾರೆ. ಎಂಟೂ ಅರ್ಧಕ್ಕೆ ನಿಲ್ಲುತ್ತವೆ. ಕೆಲಸವನ್ನು ಮುಂದಕ್ಕೆ ಹಾಕುವುದೆಂದರೆ ಮೈಗಳ್ಳತನವೆಂಬ ಭಾವನೆ ನಮ್ಮಲ್ಲಿದೆ. ಬರೆದಿಟ್ಟು ಮುಂದಕ್ಕೆ ಹಾಕುವುದು ಬೇರೆ, ಮರೆತುಬಿಡುವುದು ಬೇರೆ. ಈ ವಿಷಯದಲ್ಲಿ ಸರಕಾರಿ ಕಚೇರಿಯಿಂದಲೂ ಕಲಿಯತಕ್ಕದ್ದು ಇದೆಯೆಂದರೆ ತಾವು ನಕ್ಕೀರಿ.

ಕೇಂದ್ರ ಸರಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿಯಲ್ಲಿ 'ಕಾಲ್ ಬುಕ್' ಎಂಬ ರಜಿಸ್ಟರಿನ ಏರ್ಪಾಡು ಇದೆ. ಕನಿಷ್ಠ 6 ತಿಂಗಳು ಯಾವ ಕ್ರಮವನ್ನೂ ಕೈಗೊಳ್ಳಲು ಬಾರದ ಅಥವಾ ಕೈಗೊಳ್ಳುವ ಅವಶ್ಯವಿಲ್ಲದ ಫೈಲನ್ನು, ಉದಾಹರಣೆಗೆ ಕೋರ್ಟಿನಲ್ಲಿ ನಿಂತ ಪ್ರಕರಣವನ್ನು, ಮೇಲಧಿಕಾರಿಯ ಒಪ್ಪಿಗೆ ಪಡೆದು ಅದರಲ್ಲಿ ನಮೂದಿಸುತ್ತಾರೆ. ಅಂಥ ಫೈಲು ತಿಂಗಳ ಬಾಕಿ ತಖ್ತೆಯಲ್ಲಿ ಬರುವುದಿಲ್ಲ. ಗುಮಾಸ್ತನ ಮೇಜು ಹಗುರಾಗುತ್ತದೆ, ಈಗ ಮಾಡಬಹುದಾದ ಕೆಲಸಕ್ಕೆ ಕೈ ಬಿಡುವಾಗುತ್ತದೆ. ಆದರೆ ಪ್ರತಿ ತಿಂಗಳ ಕೊನೆಯ ವಾರ ಆ ರಜಿಸ್ಟರನ್ನು ತೆಗೆದು ನೋಡಲೇಬೇಕು.

ಇಡೀ ಪದ್ಧತಿ ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಲೆಕ್ಕ ಬರೆಯುವವರಿಗೆ ಸಸ್ಪೆನ್ಸ್ ಖಾತೆ ಗೊತ್ತಿದೆ. ತಾಳೆಯಾಗದ ಮೊತ್ತವನ್ನು ತಾತ್ಪೂರ್ತಿಕವಾಗಿ ಅಲ್ಲಿ ಇಡಬಹುದು, ಅಲ್ಲಿಯೇ ಬಿಟ್ಟರೆ ಲೆಕ್ಕವೇ ಸುಳ್ಳು. ಕಾಲ್ ಬುಕ್ಕಿನದೂ ಹಾಗೆಯೇ. ತೆರಿಗೆ ಇಲಾಖೆಯು ವರ್ತಕರಿಗೆ ನೋಟೀಸು ಕೊಟ್ಟು, ಅದನ್ನು ಕಾಲ್ ಬುಕ್ಕಿಗೆ ಸೇರಿಸಿ, ಅವರಿಗೆ ತಿಳಿಸದೆ ಹತ್ತು ವರ್ಷಕ್ಕೂ ಮೇಲೆ ಸುಮ್ಮನಿದ್ದ ಒಂದು ಪ್ರಕರಣದಲ್ಲಿ, 2020ರಲ್ಲಿ ಮುಂಬಯಿ ಹೈಕೋರ್ಟು ವರ್ತಕರ ಪರವಾಗಿ ತೀರ್ಪು ಕೊಟ್ಟಿತು. ಮುಂದೂಡಿದ ಸಂಗತಿಯನ್ನು ಸಂಬಂಧಪಟ್ಟವರಿಗೆ ತಿಳಿಸದಿದ್ದರೆ ಅದು ಅವರ ಮೇಲಿನ ಅನ್ಯಾಯವೇ ಸರಿ.

ನಮ್ಮ ಮನೆಗಳಿಗೆ ಒಂದು ನೂರು ಪುಟದ ನೋಟ್‌ಬುಕ್ಕು ಸಾಕು. ಯಾವುದನ್ನು ಅದರಲ್ಲಿ ಬರೆಯಬೇಕೆಂಬುದಕ್ಕೆ ಒಂದೇ ಪರೀಕ್ಷೆ: ತಡವಾದರೆ ನಷ್ಟ ಬೆಳೆಯುತ್ತದೆಯೇ? ತೊಗರಿ ಹೂವು, ಕಾಯಿಯಲ್ಲಿರುವಾಗ ಬಿದ್ದ ಕಾಯಿಕೊರಕ ನಿಮ್ಮ ಪುರಸೊತ್ತಿಗಾಗಿ ಕಾಯುವುದಿಲ್ಲ. ಜಿಎಸ್‌ಟಿ ಕಟ್ಟುವುದು ತಡವಾದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ ಬೀಳುತ್ತದೆ. ಇವು ನೋಟ್‌ಬುಕ್ಕಿಗಲ್ಲ. ಬದುವಿನ ದುರಸ್ತಿ, ಗೋದಾಮಿನ ಸುಣ್ಣಬಣ್ಣ, ಹಳೆಯ ಚೀಲಗಳ ವಿಂಗಡಣೆ ಸುಗ್ಗಿಯ ನಂತರವೂ ಆದೀತು. ಗಿರಾಕಿಗೆ ಮಾತು ಕೊಟ್ಟ ಕೆಲಸವನ್ನು ಅವರನ್ನು ಕೇಳದೆ ಬರೆಯಬಾರದು.

ಕೆಲಸದ ಹೆಸರು, ಕಾರಣ, ಮತ್ತೆ ನೋಡುವ ದಿನ, ಯಾರ ಜವಾಬ್ದಾರಿ, ಇಷ್ಟನ್ನು ಯಜಮಾನರೇ ಬರೆಯಬೇಕು. ಆಳುಗಳು ತಾವಾಗಿ ಮುಂದೂಡಿದರೆ ಮೊದಲು ಹೋಗುವುದು ಕಷ್ಟದ ಕೆಲಸವೇ. ಪ್ರತಿ ಅಮಾವಾಸ್ಯೆಯ ಅಂಗಡಿ ಪೂಜೆ ಮುಗಿದ ಮೇಲೆ ನೋಟ್‌ಬುಕ್ಕು ತೆಗೆದು ಎಲ್ಲರ ಮುಂದೆ ಓದಿರಿ. ಮೂರು ಅಮಾವಾಸ್ಯೆ ದಾಟಿದ ಕೆಲಸವನ್ನು ಒಂದೋ ಆ ವಾರವೇ ಮಾಡಿಸಿರಿ, ಇಲ್ಲವೇ ಗೆರೆ ಎಳೆದು ತೆಗೆದುಹಾಕಿರಿ.