ಬಟನ್ ನೋಡಿ ಟೈರು ಕೊಳ್ಳಬೇಡಿ

ಘಟಪ್ರಭಾ ಕಾಲುವೆಯ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ, ಗೋಕಾಕ, ಮುಧೋಳ, ಜಮಖಂಡಿಗಳ ರಸ್ತೆಗಳಲ್ಲಿ ಎರಡೆರಡು ಡಬ್ಬಿಗಳನ್ನು ಎಳೆದುಕೊಂಡು ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರುಗಳ ಸಾಲಿನಷ್ಟೇ ನಿಯತವಾಗಿ ಕಣ್ಣಿಗೆ ಬೀಳುವುದು, ಟೈರು ಸಿಡಿದು ಒಂದು ಮಗ್ಗುಲಿಗೆ ವಾಲಿ ನಿಂತ ಟ್ರೇಲರು. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟು ಹೊತ್ತೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಗ್ಗುತ್ತದೆ. ಈ ನಷ್ಟದ ಲೆಕ್ಕವನ್ನು ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹೇಳಬೇಕಾಗಿರುವುದು ಟೈರಿನ ಲೆಕ್ಕವನ್ನು.

ಇಂತಹ ಒಂದು ಟೈರನ್ನು ರಸ್ತೆಯ ಬದಿಯಲ್ಲಿಯೇ ಕುಳಿತು ಪರೀಕ್ಷಿಸಿದೆನು. ಮೇಲಿನ ಬಟನ್ನುಗಳು ಆಳವಾಗಿ, ಅಚ್ಚುಕಟ್ಟಾಗಿ, ಕಪ್ಪಗೆ ಹೊಳೆಯುತ್ತಿದ್ದವು; ಪಕ್ಕೆಯಲ್ಲಿ ಮಾತ್ರ ಬೇಸಗೆಯ ಎರೆಭೂಮಿಯಂತೆ ಸಣ್ಣ ಸಣ್ಣ ಬಿರುಕುಗಳು ತುಂಬಿದ್ದವು, ಸಿಡಿದ ಬಾಯಿಯಿಂದ ನೈಲಾನ್ ಎಳೆಗಳು ಹಳೆಯ ಹಗ್ಗದ ತುದಿಯಂತೆ ಬಿಚ್ಚಿಕೊಂಡಿದ್ದವು. "ಹೋದ ತಿಂಗಳಷ್ಟ ಹಾಕಿಸೀನ್ರೀ ಸಾಹೇಬ್ರ, ಬಟನ್ ನೋಡ್ರಿ ಹೆಂಗದಾವ" ಎಂದು ಮಾಲೀಕರು ಹೇಳುತ್ತಿದ್ದಂತೆ ಪಕ್ಕೆಯ ಮಣ್ಣನ್ನು ಒರೆಸಿದೆನು; ಅಲ್ಲಿ 1112 ಎಂಬ ಅಂಕೆಗಳಿದ್ದವು. ಅಂದರೆ ಆ ಟೈರಿನ ಒಡಲು 2012ನೆಯ ಇಸವಿಯ 11ನೆಯ ವಾರದಲ್ಲಿ ತಯಾರಾದದ್ದು. ಹೋದ ತಿಂಗಳು ಅದರ ಮೇಲೆ ಕೂಡಿಸಿದ್ದು ಹೊಸ ರಬ್ಬರಿನ ಹೊದಿಕೆಯನ್ನು ಮಾತ್ರ.

ನಮ್ಮ ರೈತರು ವರ್ಷವರ್ಷವೂ ಮಾಡುವ ಪ್ರಮಾದವಿದೇ. ಬಿತ್ತನೆಯ ಚೀಲ ಕೊಳ್ಳುವಾಗ ಅದರ ಮೇಲಿನ ಚೀಟಿಯನ್ನು ಓದಿ, ಅವಧಿ ಮೀರಿದ್ದರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವವರು, ಸಾವಿರಾರು ರೂಪಾಯಿಯ ಟೈರನ್ನು ಕೊಳ್ಳುವಾಗ ಬಟನ್ ಮೇಲೆ ಕೈಯಾಡಿಸಿ ಹಣ ಎಣಿಸಿಕೊಟ್ಟುಬಿಡುತ್ತಾರೆ. ಭಾರವನ್ನು ಹೊರುವುದು ಬಟನ್ ಅಲ್ಲ. ಒಳಗಿನ ದಾರದ ಪದರಗಳೂ, ಅವು ಹಿಡಿದಿಟ್ಟುಕೊಂಡ ಗಾಳಿಯೂ. ಹೀಗೆ ಹೊಸ ಹೊದಿಕೆ ಕೂಡಿಸಿ ರೀಬಟನ್ ಮಾಡಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಒಡಲು ಗಟ್ಟಿಯಾಗಿದ್ದು, ಪಕ್ಕೆಯಲ್ಲಿ ಸೀಳಾಗಲಿ ಉಬ್ಬಾಗಲಿ ಇಲ್ಲದಿದ್ದರೆ ಗೊಬ್ಬರ, ಮೇವುಗಳ ಹಗುರ ಕೆಲಸಕ್ಕೆ ಅದು ಸಾಕು. ಹತ್ತು ವರ್ಷ ದಾಟಿದ ಒಡಲನ್ನು ಮಾತ್ರ ಕಬ್ಬಿನ ಹೇರಿಗೆ ಯಾವ ಕಾರಣಕ್ಕೂ ಹಾಕಬಾರದು.

ಇನ್ನು ಭಾರದ ಪ್ರಮಾಣ. ಇದನ್ನು ಔಷಧದ ಪ್ರಮಾಣದಷ್ಟೇ ನಿಷ್ಠೆಯಿಂದ ಪಾಲಿಸತಕ್ಕದ್ದು. ಖಾಲಿ ಟ್ರೇಲರು 2 ಟನ್, ಮೇಲಿನ ಕಬ್ಬು 8 ಟನ್ ಎಂದಿಟ್ಟುಕೊಂಡರೆ ಒಟ್ಟು 10 ಟನ್; ನಾಲ್ಕು ಟೈರುಗಳಿಗೆ ಹಂಚಿದರೆ ತಲಾ 2,500 ಕಿಲೋ. ಆದರೆ ಗದ್ದೆಯ ಬದುವನ್ನು ಏರಿ ಇಳಿಯುವಾಗ, ಹೇರು ಒಂದು ಕಡೆಗೆ ಜಗ್ಗಿದಾಗ ಭಾರವು ಸಮನಾಗಿ ಹಂಚಿಹೋಗುವುದಿಲ್ಲವಾದಕಾರಣ, ಐದರಲ್ಲಿ ಒಂದು ಪಾಲನ್ನು ಕೂಡಿಸಿ 3,000 ಕಿಲೋ ಎಂದು ಎಣಿಸಬೇಕು. ಪಕ್ಕೆಯ ಮೇಲೆ ಅಳತೆಯ ಮುಂದೆ ಅಚ್ಚಾಗಿರುವ ಭಾರಸೂಚಿ 130 ಆಗಿದ್ದರೆ ಆ ಟೈರು ಹೊರುವುದು 1,900 ಕಿಲೋ. 140 ಆಗಿದ್ದರೆ 2,500. 146 ಆಗಿದ್ದರೆ 3,000. ಮೇಲಿನ ಹೇರಿಗೆ 146ಕ್ಕಿಂತ ಕಡಿಮೆಯದು ಸಲ್ಲದು. ನಿಮ್ಮಲ್ಲಿರುವುದು 130ರ ಟೈರಾದರೆ, ಅದೇ ಲೆಕ್ಕದಂತೆ ನೀವು ಹೇರಬಹುದಾದ ಕಬ್ಬು ಸುಮಾರು ನಾಲ್ಕೂಕಾಲು ಟನ್ ಮಾತ್ರ. ಸೂಚಿಯ ಪಕ್ಕದ ಅಕ್ಷರ ವೇಗದ್ದು. ಎ6 ಎಂದಿದ್ದರೆ ಗಂಟೆಗೆ 30 ಕಿಲೋಮೀಟರ್, ಎ8 ಎಂದಿದ್ದರೆ 40. ಅಳತೆಯೊಂದೇ ಆದರೂ ಪ್ಲೈ, ಎಂದರೆ ದಾರದ ಪದರಗಳ ಬಲ, ಬೇರೆಯಾದರೆ ಹೊರುವ ಶಕ್ತಿ ಬೇರೆ ಎಂಬುದನ್ನು ಮರೆತು, "ಒಂಬತ್ತು-ಹದಿನಾರು ಕೊಡಿ" ಎಂದಷ್ಟೇ ಕೇಳಿ ತರುವವರಿಗೆ ನಾನು ಎಷ್ಟು ಸಲ ಹೇಳಲಿ!

ಗಾಳಿಯನ್ನು ಬೆಳಗಿನ ತಂಪಿನಲ್ಲಿ, ಗಾಡಿ ಹೊರಡುವ ಮೊದಲು, ಮೀಟರು ಹಿಡಿದು ನೋಡಬೇಕು. ಕಾಲಿನಿಂದ ಒದ್ದು ನೋಡುವುದು ಪರೀಕ್ಷೆಯಲ್ಲ. ತಯಾರಕರು ನಿಮ್ಮ ಹೇರಿನ ಭಾರಕ್ಕೆ ಹೇಳಿದಷ್ಟೇ ತುಂಬಿ. ಪಕ್ಕೆಯ ಮೇಲೆ ಗರಿಷ್ಠವೆಂದು ಬರೆದದ್ದನ್ನು ಮೀರಬೇಡಿ. ಒಂದು ಕಿಲೋ ಒತ್ತಡವೆಂದರೆ 14.2 ಪೌಂಡ್ ಎಂಬುದು ನೆನಪಿರಲಿ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಪಕ್ಕೆಯಲ್ಲಿ ಮಡಚಿ, ಒಳಗೊಳಗೇ ಕಾದು, ಪದರ ಬಿಡುತ್ತದೆ. ದಾರಿಯಲ್ಲಿ ಬಿಸಿಯಾಗಿ ಒತ್ತಡ ಏರಿದ್ದನ್ನು ಕಂಡು ಗಾಳಿ ಬಿಡುವವರು, ತಣ್ಣಗಾದ ಮೇಲೆ ಅದು ಕೊರತೆಗೆ ಬೀಳುವುದನ್ನು ಯೋಚಿಸುವುದಿಲ್ಲ.

ಒಂದೇ ಅಚ್ಚಿನಲ್ಲಿ ರೇಡಿಯಲ್ಲನ್ನೂ ನೈಲಾನನ್ನೂ, ಹೊಸದನ್ನೂ ಸವೆದದ್ದನ್ನೂ ಜೊತೆಗೂಡಿಸಬೇಡಿ. ಹೊಸ ಟೈರಿನೊಳಗೆ ಹಿಗ್ಗಿದ ಹಳೆಯ ಟ್ಯೂಬನ್ನು ತೂರಿಸಿದರೆ ಅದು ಮಡಿಕೆ ಬಿದ್ದು ಅಲ್ಲಿಯೇ ಹರಿಯುತ್ತದೆ. ಟ್ಯೂಬೂ ಫ್ಲ್ಯಾಪೂ ಹೊಸದಿರಲಿ. ರಿಮ್ಮಿನ ತುಕ್ಕನ್ನು ಕೆರೆಸಿ. ರಿಂಗ್ ಕೂಡಿಸಿದ ಚಕ್ರಕ್ಕೆ ಗಾಳಿ ತುಂಬುವಾಗ ಅದರ ಎದುರಿಗೆ ಯಾರೂ ನಿಲ್ಲಕೂಡದು, ಮಕ್ಕಳಂತೂ ಹತ್ತಿರವೇ ಇರಕೂಡದು. ರಿಂಗ್ ಹಾರಿದರೆ ಪ್ರಾಣವೇ ಹೋಗುತ್ತದೆ. ಮೊದಲ 50 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಯಾವ ಸಹಾಯಧನದ ಯೋಜನೆಯಲ್ಲಿ ಬಂದ ಟ್ರೇಲರಾದರೂ ಅದರ ಟೈರಿನ ಪಕ್ಕೆಯನ್ನು ಓದಿಯೇ ಸಹಿ ಹಾಕಿ.

ಮುಂದಿನ ಹಂಗಾಮಿಗೆ ಇನ್ನೂ ಸಮಯವಿರುವಾಗ, ಡಬ್ಬಿ ಖಾಲಿಯಾಗಿ ಅಂಗಳದಲ್ಲಿ ನಿಂತಿರುವಾಗಲೇ, ಒದ್ದೆ ಬಟ್ಟೆಯಿಂದ ಪ್ರತಿಯೊಂದು ಟೈರಿನ ಪಕ್ಕೆಯನ್ನು ಒರೆಸಿ, ಭಾರಸೂಚಿಯನ್ನೂ ತಯಾರಿಕೆಯ ನಾಲ್ಕು ಅಂಕೆಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.